ಕದಲದವರಿಗೆ ನೋವಿಲ್ಲವೇ? ಬಾಣದ ವಿಷವೊಂದು ಮದ್ದಾದ ಕಥೆ

ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿಕೊಂಡ ಮೇಲೆ ಹೊರಗಿನ ಬೆಂಚಿನಲ್ಲಿ ಕುಳಿತವರಿಗೆ ಉಳಿಯುವ ಸಮಾಧಾನ ಒಂದೇ: ‘ಒಳಗಿರುವವರಿಗೆ ಏನೂ ಗೊತ್ತಾಗುವುದಿಲ್ಲ.’ ಕನ್ನಡದಲ್ಲಿ ಅದಕ್ಕೆ ಅರಿವಳಿಕೆ ಎನ್ನುತ್ತಾರೆ, ಅಂದರೆ ಅರಿವು ಅಳಿದ ಸ್ಥಿತಿ. ನಮ್ಮ ಮನೆಗಳ ಉರ್ದುವಿನಲ್ಲಿ ಅದು ಬೇಹೋಶಿ, ಹೋಶ್ ಇಲ್ಲದಿರುವುದು. ಎರಡೂ ಪದಗಳು ಹೇಳುವುದು ಮನಸ್ಸಿನ ಸಂಗತಿ. ಆದರೆ ಮೇಜಿನ ಮೇಲೆ ಮಲಗಿದವರನ್ನು ನೋಡುವವರಿಗೆ ಕಾಣುವುದು ಮನಸ್ಸಲ್ಲ, ದೇಹ. ದೇಹ ಕದಲುತ್ತಿಲ್ಲ, ಮುಖ ಕಿವುಚುತ್ತಿಲ್ಲ, ಬಾಯಿಂದ ಸದ್ದಿಲ್ಲ. ಅಂದ ಮೇಲೆ ಅರಿವೂ ಇಲ್ಲ, ನೋವೂ ಇಲ್ಲ ಎಂದು ನಂಬುತ್ತೇವೆ.

ಈ ನಂಬಿಕೆ ಬಹುಮಟ್ಟಿಗೆ ನಿಜವೇ. ಆದರೆ ಅದು ತಾನಾಗಿಯೇ ನಿಜವಾಗಿರುವುದಲ್ಲ; ಒಬ್ಬರು ತಲೆಯ ಬಳಿ ಕುಳಿತು ಅದನ್ನು ನಿಜವಾಗಿಸುತ್ತಿರಬೇಕು. ದೊಡ್ಡ ಆಪರೇಷನ್ನುಗಳಲ್ಲಿ ರೋಗಿಗೆ ಕೊಡುವುದು ಒಂದೇ ಮದ್ದಲ್ಲ, ಸಾಮಾನ್ಯವಾಗಿ ಮೂರು ಬಗೆಯವು. ನಿದ್ದೆ ಬರಿಸುವುದು ಒಂದು, ನೋವು ತಡೆಯುವುದು ಇನ್ನೊಂದು, ಸ್ನಾಯುಗಳನ್ನು ಸಡಿಲಗೊಳಿಸುವುದು ಮೂರನೆಯದು. ಈ ಮೂರನೆಯದಕ್ಕೆ ನಿದ್ದೆ ಬರಿಸುವ ಶಕ್ತಿಯೂ ಇಲ್ಲ, ನೋವು ಕಳೆಯುವ ಶಕ್ತಿಯೂ ಇಲ್ಲ. ಅದು ಕೈಕಾಲು, ನಾಲಿಗೆ, ರೆಪ್ಪೆ ಮತ್ತು ಉಸಿರಾಟದ ಸ್ನಾಯುಗಳನ್ನು ಸ್ತಬ್ಧಗೊಳಿಸುತ್ತದೆ, ಅಷ್ಟೆ. ಅದೊಂದನ್ನೇ ಕೊಟ್ಟರೆ ಮನುಷ್ಯ ಕಲ್ಲಿನಂತೆ ಬಿದ್ದಿರುತ್ತಾನೆ, ಆದರೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ, ಎಲ್ಲವನ್ನೂ ಅನುಭವಿಸುತ್ತಾ ಇರುತ್ತಾನೆ.

ಈ ಮದ್ದಿನ ಮೂಲ ದಕ್ಷಿಣ ಅಮೆರಿಕದ ಕಾಡಿನ ಬೇಟೆಗಾರರ ಬಾಣದ ತುದಿಯ ವಿಷ. ಹೆಸರು ಕುರಾರೆ. ಅದು ಮದ್ದಾಗಿ ಆಸ್ಪತ್ರೆಗೆ ಬಂದ ಕಥೆ ವಿಜ್ಞಾನದ ದೊಡ್ಡ ಗೆಲುವುಗಳಲ್ಲಿ ಒಂದು. ಅದರ ಜೊತೆಜೊತೆಗೇ ಇನ್ನೊಂದು ಕಥೆಯೂ ನಡೆದಿದೆ. ಸದ್ದಿಲ್ಲದವರಿಗೆ ನೋವೂ ಇಲ್ಲವೆಂದು ತಿಳಿದವರೂ ಕಲಿತವರೇ ಆಗಿದ್ದ ಕಥೆ ಅದು.

ಕಾಡಿನವರ ಜ್ಞಾನ

1800ರಲ್ಲಿ ಜರ್ಮನಿಯ ಪ್ರವಾಸಿ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ತನ್ನ ಗೆಳೆಯ ಬೊನ್‌ಪ್ಲಾಂಡನ ಜೊತೆ ಒರಿನೋಕೋ ನದಿಯ ಮೇಲ್ಭಾಗದ ಎಸ್ಮೆರಾಲ್ಡಾ ಎಂಬ ಹಳ್ಳಿಗೆ ಬಂದ. ಅಲ್ಲಿ ವಿಷ ಕಾಯಿಸುವುದರಲ್ಲಿ ಹೆಸರಾದ ಒಬ್ಬ ಮುದುಕನಿದ್ದ. ಬಳ್ಳಿಯ ತೊಗಟೆಯನ್ನು ಜಜ್ಜಿ, ಬಾಳೆ ಎಲೆಯನ್ನು ಆಲಿಕೆಯಂತೆ ಸುತ್ತಿ, ನೀರು ಸೋಸಿ ಇಳಿಸಿ, ಆ ರಸವನ್ನು ಕುದಿಸಿ ಗಟ್ಟಿ ಮಾಡುವ ಇಡೀ ಕೆಲಸವನ್ನು ಹಂಬೋಲ್ಟ್ ಪಕ್ಕದಲ್ಲೇ ನಿಂತು ನೋಡಿದ. ಪಾಕ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ನಾಲಿಗೆಗೆ ಹಚ್ಚಿ ಕಹಿ ನೋಡುತ್ತಿದ್ದರು. ವಿಷವನ್ನು ನೆಕ್ಕುವುದೇ ಎಂದು ಹೆದರಬೇಕಿಲ್ಲ. ಬಾಯಲ್ಲಿ ಹುಣ್ಣು, ಗಾಯ ಇಲ್ಲದಿದ್ದರೆ ಕುರಾರೆ ಏನೂ ಮಾಡದು, ಏಕೆಂದರೆ ಅದು ಕರುಳಿನಿಂದ ರಕ್ತಕ್ಕೆ ಸುಲಭವಾಗಿ ಸೇರುವುದಿಲ್ಲ. ಬಾಣ ತಾಗಿ ಬಿದ್ದ ಹಕ್ಕಿಯನ್ನೋ ಕೋತಿಯನ್ನೋ ಬೇಟೆಗಾರರ ಮನೆಮಂದಿಯೆಲ್ಲ ತಿಂದು ಆರೋಗ್ಯವಾಗಿರುತ್ತಿದ್ದುದು ಇದರಿಂದಲೇ. ಈ ವ್ಯತ್ಯಾಸ ಆ ಕಾಡಿನ ಮಕ್ಕಳಿಗೂ ಗೊತ್ತಿತ್ತು. ಯುರೋಪಿನ ಪ್ರಯೋಗಾಲಯಗಳು ಅದನ್ನು ಅರ್ಥ ಮಾಡಿಕೊಳ್ಳಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಕುರಾರೆ ಒಂದೇ ಗಿಡದ್ದಲ್ಲ. ಅಮೆಜಾನಿನ ಪಶ್ಚಿಮ ಭಾಗದಲ್ಲಿ ಕೊಂಡ್ರೊಡೆಂಡ್ರಾನ್ ಎಂಬ ಬಳ್ಳಿಯಿಂದ, ಗಯಾನಾದ ಕಡೆ ಸ್ಟ್ರಿಕ್ನಾಸ್ ಜಾತಿಯ ಬಳ್ಳಿಯಿಂದ ತೆಗೆಯುತ್ತಿದ್ದರು. ಈ ಸ್ಟ್ರಿಕ್ನಾಸ್ ಕುಲ ನಮಗೆ ಹೊಸದೇನಲ್ಲ. ನಮ್ಮ ಕರಾವಳಿ, ಮಲೆನಾಡುಗಳ ಕಾಸರಕ ಮರ ಅದೇ ಕುಲದ್ದು. ಉರ್ದುವಿನಲ್ಲಿ ಕುಚ್ಲಾ ಎನ್ನುವ ಅದರ ಬೀಜವನ್ನು ಹಕೀಮರು ಶುದ್ಧಿ ಮಾಡಿ ಮದ್ದಿಗೆ ಬಳಸುತ್ತಾರೆ. ಒಂದೇ ಕುಲದ ಎರಡು ಗಿಡಗಳ ಗುಣ ಮಾತ್ರ ತದ್ವಿರುದ್ಧ. ಕಾಸರಕದ ವಿಷ ಮೈಯೆಲ್ಲ ಸೆಟೆದು ನಡುಗಿಸುತ್ತದೆ, ಕುರಾರೆ ಮೈಯೆಲ್ಲ ಸಡಿಲ ಬಿಡಿಸುತ್ತದೆ.

ಒಂದು ಕತ್ತೆ, ಒಂದು ಕಪ್ಪೆ

ಇಂಗ್ಲೆಂಡಿನ ಯಾರ್ಕ್‌ಷೈರಿನ ಜಮೀನ್ದಾರ ಚಾರ್ಲ್ಸ್ ವಾಟರ್‌ಟನ್ ವಿಚಿತ್ರ ಸ್ವಭಾವದವನು. 1812ರಲ್ಲಿ ಗಯಾನಾದ ಕಾಡಿನೊಳಗೆ ನಡೆದು ಹೋಗಿ ಮಕುಶಿ ಜನರಿಂದ ಈ ವಿಷವನ್ನು ಸಂಪಾದಿಸಿ ತಂದ. ಎರಡು ವರ್ಷದ ಬಳಿಕ ಇಂಗ್ಲೆಂಡಿನಲ್ಲಿ ಕತ್ತೆಗಳ ಮೇಲೆ ಅದರ ಪರೀಕ್ಷೆ ನಡೆಯಿತು. ಒಂದು ಕತ್ತೆಯ ಕಾಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿ, ಪಟ್ಟಿಯ ಕೆಳಗೆ ವಿಷ ಹಾಕಿದರು. ಅದು ಏನೂ ಆಗದಂತೆ ಒಂದು ಗಂಟೆ ಓಡಾಡಿಕೊಂಡಿತ್ತು. ಪಟ್ಟಿ ಬಿಚ್ಚಿದ ಹತ್ತು ನಿಮಿಷದಲ್ಲಿ ಸತ್ತಿತು. ವಿಷ ಹರಡುವುದು ರಕ್ತದ ಮೂಲಕ ಎಂಬುದಕ್ಕೆ ಇದು ಸಾಕ್ಷಿ. ಇನ್ನೊಂದು ಹೆಣ್ಣು ಕತ್ತೆಗೆ ಭುಜದಲ್ಲಿ ವಿಷ ಹಾಕಿದರು. ಹತ್ತು ನಿಮಿಷದಲ್ಲಿ ಅದೂ ಸತ್ತಂತೆ ಬಿದ್ದಿತು. ಆಗ ಅದರ ಶ್ವಾಸನಾಳ ಕೊಯ್ದು ತಿದಿಯಿಂದ ಗಾಳಿ ಊದತೊಡಗಿದರು. ಎರಡು ಗಂಟೆ ಊದಿದ ಮೇಲೆ ತಲೆಯೆತ್ತಿತು. ನಿಲ್ಲಿಸಿದಾಗ ಮತ್ತೆ ಕುಸಿಯಿತು. ಮತ್ತೆರಡು ಗಂಟೆ ಊದಿದರು. ಕತ್ತೆ ಬದುಕಿತು. ಅದಕ್ಕೆ ವೌರಾಲಿಯಾ ಎಂದು ಹೆಸರಿಟ್ಟು, ಇನ್ನು ಯಾವ ಕೆಲಸಕ್ಕೂ ಹಚ್ಚದೆ, ವಾಟರ್‌ಟನ್ನನ ತೋಟದಲ್ಲಿ ಸಾಕಿದರು. 1839ರವರೆಗೆ ಅದು ಅಲ್ಲಿ ಮೇಯ್ದುಕೊಂಡಿತ್ತು.

ಇಡೀ ಆಧುನಿಕ ಅರಿವಳಿಕೆಯ ಒಂದು ಮುಖ್ಯ ಪಾಠ ಆ ಕತ್ತೆಯ ಕೊರಳಲ್ಲಿ ಬರೆದಿತ್ತು. ಕುರಾರೆ ಹೃದಯವನ್ನು ನಿಲ್ಲಿಸುವುದಿಲ್ಲ, ಉಸಿರನ್ನು ನಿಲ್ಲಿಸುತ್ತದೆ. ಇನ್ನೊಬ್ಬರು ಉಸಿರು ಊದುತ್ತಾ ಹೋದರೆ ವಿಷ ತಾನೇ ಇಳಿಯುತ್ತದೆ, ಜೀವ ಉಳಿಯುತ್ತದೆ.

ಎರಡನೆಯ ಪಾಠವನ್ನು ಕಲಿಸಿದ್ದು ಪ್ಯಾರಿಸಿನ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್. 1840ರ ದಶಕದಲ್ಲಿ ಆರಂಭಿಸಿ ಹಲವು ವರ್ಷ ಆತ ಕುರಾರೆಯ ಹಿಂದೆ ಬಿದ್ದ. ಅವನ ಪ್ರಸಿದ್ಧ ಪ್ರಯೋಗ ಹೀಗಿದೆ. ಕಪ್ಪೆಯೊಂದರ ಒಂದು ಹಿಂಗಾಲಿಗೆ ರಕ್ತ ಹೋಗದಂತೆ ಕಟ್ಟು ಹಾಕಿದ, ಆದರೆ ಆ ಕಾಲಿನ ನರವನ್ನು ಹಾಗೇ ಬಿಟ್ಟ. ಬಳಿಕ ಮೈಗೆ ಕುರಾರೆ ಕೊಟ್ಟ. ಕಟ್ಟಿದ ಕಾಲೊಂದನ್ನು ಬಿಟ್ಟು ಕಪ್ಪೆಯ ಮೈಯೆಲ್ಲ ಜೋಲು ಬಿತ್ತು. ಈಗ ಜೋಲು ಬಿದ್ದ ಭಾಗವನ್ನು ಚಿವುಟಿದ. ಆ ಭಾಗ ಮಿಸುಕಲಿಲ್ಲ. ಆದರೆ ಕಟ್ಟಿದ ಕಾಲು ಥಟ್ಟನೆ ಒದೆಯಿತು!

ಅಂದರೆ ಚಿವುಟಿದ್ದು ಕಪ್ಪೆಗೆ ತಿಳಿದಿತ್ತು. ಸುದ್ದಿ ಒಳಕ್ಕೆ ಹೋಗಿತ್ತು. ಪ್ರತಿಕ್ರಿಯೆಯ ಅಪ್ಪಣೆಯೂ ಹೊರಬಂದಿತ್ತು. ಆದರೆ ವಿಷ ತಲುಪದ ಆ ಒಂದು ಕಾಲಿಗೆ ಮಾತ್ರ ಅದನ್ನು ಹೇಳಲು ಸಾಧ್ಯವಾಯಿತು. 1864ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಲೇಖನದಲ್ಲಿ ಬರ್ನಾರ್ ಇದರ ಭೀಕರತೆಯನ್ನು ಬಿಡಿಸಿ ಹೇಳಿದ. ಕುರಾರೆಯ ಸಾವು ನೋಡುವವರಿಗೆ ಶಾಂತ ನಿದ್ದೆಯಂತೆ ಕಾಣುತ್ತದೆ, ವಾಸ್ತವದಲ್ಲಿ ಅದು ಕಲ್ಪಿಸಿಕೊಳ್ಳಬಹುದಾದ ಅತಿ ಘೋರ ಯಾತನೆ ಎಂಬುದು ಅವನ ಮಾತಿನ ಸಾರ. ವಿಪರ್ಯಾಸವೆಂದರೆ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅವು ಒದ್ದಾಡದಿರಲೆಂದು ಕುರಾರೆ ಕೊಡುವ ರೂಢಿ ಬೆಳೆದದ್ದೂ ಅದೇ ಕಾಲದಲ್ಲಿ.

ಈ ರೂಢಿಯ ವಿರುದ್ಧ ಇಂಗ್ಲೆಂಡಿನಲ್ಲಿ ದೊಡ್ಡ ಗಲಾಟೆಯೇ ಎದ್ದಿತು. 1876ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಪ್ರಾಣಿಹಿಂಸೆ ತಡೆಯುವ ಕಾಯ್ದೆ ತಂದಾಗ ಅದರಲ್ಲಿ ಒಂದು ಕಲಮನ್ನು ಸೇರಿಸಿತು: ಈ ಕಾಯ್ದೆಯ ಮಟ್ಟಿಗೆ ಕುರಾರೆಯನ್ನು ಅರಿವಳಿಕೆಯ ಮದ್ದೆಂದು ಪರಿಗಣಿಸತಕ್ಕದ್ದಲ್ಲ. ಓದುಗರು ಈ ಇಸವಿಯನ್ನು ನೆನಪಿನಲ್ಲಿಡಬೇಕು. 1876ರಲ್ಲೇ ನಾಯಿ, ಕಪ್ಪೆಗಳ ವಿಷಯದಲ್ಲಿ ಕಾನೂನು ಒಪ್ಪಿಕೊಂಡ ಸತ್ಯ ಇದು.

ಬೀಗ ಮತ್ತು ಬೀಗದ ಕೈ

ಕುರಾರೆ ಕೆಲಸ ಮಾಡುವ ಬಗೆ ಪೂರ್ತಿ ತಿಳಿಯಲು ಇನ್ನೂ ಕಾಲ ಹಿಡಿಯಿತು. ಮಿದುಳಿನ ಅಪ್ಪಣೆ ನರದ ತುದಿಯವರೆಗೆ ವಿದ್ಯುತ್ತಿನಂತೆ ಬರುತ್ತದೆ. ಆದರೆ ನರ ಮತ್ತು ಸ್ನಾಯುವಿನ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆ. ಅಲ್ಲಿ ನರದ ತುದಿ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸುರಿಯುತ್ತದೆ. ಅದು ಬೀಗದ ಕೈ ಇದ್ದಂತೆ. ಸ್ನಾಯುವಿನ ಮೇಲಿನ ಬೀಗಗಳಿಗೆ ಹೊಕ್ಕು ತಿರುಗಿದಾಗ ಸ್ನಾಯು ಸಂಕುಚಿಸುತ್ತದೆ. ಮರುಕ್ಷಣವೇ ಒಂದು ಕಿಣ್ವ ಆ ಕೈಯನ್ನು ಮುರಿದು ಹಾಕುತ್ತದೆ, ಇಲ್ಲವಾದರೆ ಬಿಗಿದ ಮುಷ್ಟಿ ಬಿಡಿಸಿಕೊಳ್ಳುವುದೇ ಇಲ್ಲ. 1905ರಲ್ಲಿ ಕೇಂಬ್ರಿಜ್‌ನ ಲ್ಯಾಂಗ್ಲಿ ನಿಕೋಟಿನ್ ಮತ್ತು ಕುರಾರೆಗಳನ್ನು ಇಟ್ಟುಕೊಂಡೇ ಇಂಥ ‘ಬೀಗ’ ಇರಲೇಬೇಕೆಂದು ವಾದಿಸಿದ. 1936ರಲ್ಲಿ ಹೆನ್ರಿ ಡೇಲ್ ಮತ್ತು ಸಂಗಡಿಗರು ನರದ ತುದಿಯಿಂದ ಬರುವುದು ಅಸೆಟೈಲ್‌ಕೋಲಿನ್ ಎಂದು ತೋರಿಸಿದರು. ಅದೇ ವರ್ಷ ಡೇಲ್ ಮತ್ತು ಆಟೋ ಲೋವಿ ಇಬ್ಬರಿಗೂ ನೊಬೆಲ್ ಬಂತು.

ಕುರಾರೆ ಒಂದು ಕಳ್ಳಗೈ. ಬೀಗದೊಳಕ್ಕೆ ಹೋಗುತ್ತದೆ, ಆದರೆ ತಿರುಗುವುದಿಲ್ಲ. ಅದು ಅಲ್ಲಿ ಕೂತಿರುವ ತನಕ ನಿಜವಾದ ಕೈಗೆ ಜಾಗವಿಲ್ಲ. ಕಣ್ಣು, ಮುಖದಂಥ ಸಣ್ಣ ಸ್ನಾಯುಗಳು ಮೊದಲು ಸೋಲುತ್ತವೆ, ಆಮೇಲೆ ಕೈಕಾಲು, ಎಲ್ಲಕ್ಕಿಂತ ಕೊನೆಗೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆ. ಹೃದಯದ ಬೀಗಗಳು ಬೇರೆ ಬಗೆಯವಾದ್ದರಿಂದ ಅದು ಬಡಿಯುತ್ತಲೇ ಇರುತ್ತದೆ. ಮಿದುಳನ್ನು ಕಾಯುವ ತಡೆಗೋಡೆಯನ್ನು ಕುರಾರೆ ಸುಲಭವಾಗಿ ದಾಟುವುದಿಲ್ಲ. ಆದ್ದರಿಂದಲೇ ಅರಿವು ಹಾಗೇ ಉಳಿಯುತ್ತದೆ.

ಮಾಂಟ್ರಿಯಲ್, 1942

ಕುರಾರೆ ಆಸ್ಪತ್ರೆಗೆ ಬಂದದ್ದಕ್ಕೆ ಕಾರಣನಾದವನು ವೈದ್ಯನಲ್ಲ. ಎಕ್ವಡಾರಿನಲ್ಲಿ ನೆಲೆಸಿದ್ದ ಅಮೆರಿಕನ್ ರಿಚರ್ಡ್ ಗಿಲ್ ಕುದುರೆಯಿಂದ ಬಿದ್ದವನು. ಕೆಲ ಕಾಲದ ನಂತರ ಅವನ ಕೈಕಾಲು ಸೆಟೆದು ಬಿಗಿಯತೊಡಗಿದವು. ಕುರಾರೆ ಈ ಬಿಗಿತವನ್ನು ಸಡಿಲಿಸೀತೆಂದು ವೈದ್ಯರೊಬ್ಬರು ಹೇಳಿದ್ದನ್ನು ಹಿಡಿದು, 1938ರಲ್ಲಿ ಅವನು ಕಾಡಿಗೆ ಮರಳಿ, ಅಲ್ಲಿನ ಜನರಿಂದ ತಯಾರಿಕೆಯನ್ನು ಕಲಿತು, ಕಿಲೋಗಟ್ಟಲೆ ಕುರಾರೆಯನ್ನು ಅಮೆರಿಕಕ್ಕೆ ತಂದ. ಸ್ಕ್ವಿಬ್ ಎಂಬ ಔಷಧ ಕಂಪನಿ ಅದನ್ನು ಶುದ್ಧೀಕರಿಸಿ ‘ಇಂಟೊಕಾಸ್ಟ್ರಿನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಗಿಲ್ಲನ ಹೆಸರು ಇತಿಹಾಸದಲ್ಲಿದೆ. ಅವನಿಗೆ ಬಳ್ಳಿ ತೋರಿಸಿ, ಪಾಕದ ಹದ ಹೇಳಿಕೊಟ್ಟ ಕಾಡಿನವರ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಮೊದಲು ಅದನ್ನು ಬಳಸಿದವರು ಮನೋವೈದ್ಯರು. ಕಂಪನ ಬರಿಸುವ ಅಂದಿನ ಚಿಕಿತ್ಸೆಯಲ್ಲಿ ರೋಗಿಗಳ ಮೂಳೆ ಮುರಿಯುವುದನ್ನು ತಪ್ಪಿಸಲು 1940ರಲ್ಲಿ ಎ. ಇ. ಬೆನೆಟ್ ಇದನ್ನು ಕೊಟ್ಟರು. ಶಸ್ತ್ರಚಿಕಿತ್ಸೆಗೆ ಬಳಸಲು ಅರಿವಳಿಕೆ ತಜ್ಞರು ಮಾತ್ರ ಹೆದರಿದರು. ಉಸಿರು ನಿಲ್ಲಿಸುವ ಮದ್ದನ್ನು ಬೇಕೆಂದೇ ಕೊಡುವವರಾರು? ಧೈರ್ಯ ಮಾಡಿದವರು ಕೆನಡಾದ ಮಾಂಟ್ರಿಯಲ್ ಹೋಮಿಯೋಪಥಿಕ್ ಆಸ್ಪತ್ರೆಯ ಹೆರಾಲ್ಡ್ ಗ್ರಿಫಿತ್. 1942ರ ಜನವರಿ 23ರಂದು, ಅಪೆಂಡಿಕ್ಸ್ ಆಪರೇಷನ್ನಿಗೆ ಬಂದ ಇಪ್ಪತ್ತು ವರ್ಷದ ಪ್ಲಂಬರ್ ಒಬ್ಬನಿಗೆ ಗ್ರಿಫಿತ್ ಮತ್ತು ಅವರ ಕಿರಿಯ ಸಹೋದ್ಯೋಗಿ ಎನಿಡ್ ಜಾನ್ಸನ್ ಸೈಕ್ಲೊಪ್ರೊಪೇನ್ ಅನಿಲದಿಂದ ನಿದ್ದೆ ಬರಿಸಿ, ಬಳಿಕ ರಕ್ತನಾಳಕ್ಕೆ ಇಂಟೊಕಾಸ್ಟ್ರಿನ್ ಕೊಟ್ಟರು. ಬಿಗಿದಿದ್ದ ಹೊಟ್ಟೆ ಕಲಸಿದ ಹಿಟ್ಟಿನಂತೆ ಮೆತ್ತಗಾಯಿತು. ಅದೇ ವರ್ಷ ಅವರು 25 ರೋಗಿಗಳ ವರದಿ ಪ್ರಕಟಿಸಿದರು.

ಇದರ ಬೆಲೆ ತಿಳಿಯಬೇಕಾದರೆ ಹಿಂದಿನ ಸ್ಥಿತಿಯನ್ನು ನೆನೆಯಬೇಕು. ಹೊಟ್ಟೆಯ ಸ್ನಾಯು ಸಡಿಲವಾಗದೆ ಸರ್ಜನ್ನರ ಕೈ ಒಳಗೆ ಹೋಗುತ್ತಿರಲಿಲ್ಲ. ಅದನ್ನು ಸಡಿಲಿಸಲು ಈಥರನ್ನು ಸಾವಿನ ಅಂಚಿನ ತನಕ ಕುಡಿಸಬೇಕಿತ್ತು. ಮುದುಕರು, ದುರ್ಬಲರು ಅದನ್ನು ತಾಳುತ್ತಿರಲಿಲ್ಲ. ಈಗ ಹಗುರವಾದ ನಿದ್ದೆ ಸಾಕು, ಉಳಿದದ್ದನ್ನು ಕುರಾರೆ ನೋಡಿಕೊಳ್ಳುತ್ತದೆ. ಎದೆಗೂಡಿನೊಳಗಿನ ದೊಡ್ಡ ಆಪರೇಷನ್ನುಗಳು ಇಷ್ಟು ಬೆಳೆಯಲು ಇದೂ ಒಂದು ಕಾರಣ. ಆದರೆ ಅಪಾಯವೂ ಅದೇ ಮಾತಿನಲ್ಲಿತ್ತು. ನಿದ್ದೆ ಹಗುರ, ದೇಹ ಸ್ತಬ್ಧ. ನಿದ್ದೆ ಸಾಲದೆ ಹೋದರೆ ರೋಗಿ ಹೇಳುವುದು ಹೇಗೆ?

ತನ್ನ ಮೇಲೆ ಪ್ರಯೋಗಿಸಿಕೊಂಡವರು

1940ರ ದಶಕದ ಮಧ್ಯದಲ್ಲಿ ಕೆಲವು ವೈದ್ಯರು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಕುರಾರೆಯೇ ಪ್ರಜ್ಞೆ ತಪ್ಪಿಸುತ್ತದೆ ಎಂದು ಬರೆದರು. ಬರ್ನಾರನ ಕಪ್ಪೆಯನ್ನು ವೈದ್ಯಲೋಕ ಮರೆತಿತ್ತೋ ಏನೋ! ಇದನ್ನು ತೀರ್ಮಾನಿಸಲು ಇಬ್ಬರು ತಮ್ಮ ದೇಹವನ್ನೇ ಒಡ್ಡಿದರು. ಲಂಡನ್ನಿನಲ್ಲಿ ಫ್ರೆಡರಿಕ್ ಪ್ರೆಸ್ಕಾಟ್ ಎಚ್ಚರವಾಗಿದ್ದೇ ಮದ್ದು ಚುಚ್ಚಿಸಿಕೊಂಡು, ಉಸಿರು ಸಿಗದ ಆ ಹೊತ್ತಿನ ಭಯವನ್ನು 1946ರ ವರದಿಯಲ್ಲಿ ದಾಖಲಿಸಿದರು. ಅಮೆರಿಕದ ಯೂಟಾದಲ್ಲಿ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆ ತಜ್ಞ ಉಸಿರು ನಿಲ್ಲಿಸಲು ಬೇಕಾದದ್ದಕ್ಕಿಂತ ಎರಡೂವರೆ ಪಟ್ಟು ಕುರಾರೆ ಪಡೆದರು. ಸಂಗಡಿಗರು ಅವರ ಶ್ವಾಸಕೋಶಕ್ಕೆ ಗಾಳಿ ಊದುತ್ತಿದ್ದರು. ಮಾತು ಹೋಯಿತು, ರೆಪ್ಪೆ ಬಿದ್ದವು, ಬೆರಳು ನಿಂತವು. ಬಿಡುಗಡೆಯಾದ ಮೇಲೆ ಸ್ಮಿತ್ ಅಷ್ಟು ಹೊತ್ತು ತನ್ನ ಸುತ್ತ ನಡೆದದ್ದನ್ನೆಲ್ಲ ಹೇಳಿದರು. ಒಂದು ಕ್ಷಣವೂ ಪ್ರಜ್ಞೆ ಹೋಗಿರಲಿಲ್ಲ, ನೋವು ಕಡಿಮೆಯಾಗಿರಲಿಲ್ಲ. 1947ರಲ್ಲಿ ಈ ವರದಿ ಪ್ರಕಟವಾದ ಮೇಲೆ ವಾದಕ್ಕೆ ಜಾಗವಿರಬಾರದಿತ್ತು.

1954ರಲ್ಲಿ ಇನ್ನೊಂದು ಎಚ್ಚರಿಕೆ ಬಂತು. ಅಮೆರಿಕದ ಹತ್ತು ಆಸ್ಪತ್ರೆಗಳ ಸುಮಾರು ಆರು ಲಕ್ಷ ಆಪರೇಷನ್ನುಗಳನ್ನು ಪರಿಶೀಲಿಸಿದ ಬೀಚರ್ ಮತ್ತು ಟಾಡ್, ಸ್ನಾಯು ಸಡಿಲಿಸುವ ಮದ್ದು ಪಡೆದವರಲ್ಲಿ ಅರಿವಳಿಕೆಯ ಕಾರಣಕ್ಕೆ ಸತ್ತವರು 370ರಲ್ಲಿ ಒಬ್ಬರು, ಪಡೆಯದವರಲ್ಲಿ 2,100ರಲ್ಲಿ ಒಬ್ಬರು ಎಂದು ಲೆಕ್ಕ ಹಾಕಿದರು. ಮದ್ದೇ ವಿಷಕಾರಿ ಎಂದು ಅವರು ಭಾವಿಸಿದ್ದರು. ಮದ್ದು ಪೂರ್ತಿ ಇಳಿಯುವ ಮೊದಲೇ ರೋಗಿಯನ್ನು ಅವನ ಉಸಿರಿಗೆ ಬಿಟ್ಟುಬಿಡುತ್ತಿದ್ದುದು ಇದಕ್ಕೆ ಮುಖ್ಯ ಕಾರಣವಾಗಿರಬೇಕೆಂದು ಆಮೇಲಿನವರು ವಿವರಿಸಿದರು. ವೌರಾಲಿಯಾಗೆ ಮೊದಲ ಎರಡು ಗಂಟೆ ಸಾಲದೆ ಹೋದದ್ದೂ ಇದೇ ಕಾರಣಕ್ಕೆ!

ಇನ್ನೊಬ್ಬರ ಉಸಿರನ್ನು ಕೈಯಲ್ಲಿ ಹಿಡಿಯುವ ಈ ವಿದ್ಯೆ ಥಿಯೇಟರಿನ ಹೊರಗೂ ಫಲ ಕೊಟ್ಟಿತು. 1952ರಲ್ಲಿ ಕೋಪನ್‌ಹೇಗನ್ ನಗರಕ್ಕೆ ಪೋಲಿಯೋ ಬಡಿದಾಗ ಉಸಿರಾಟದ ಯಂತ್ರಕ್ಕೆ ಹಾಕಿದ ಮೊದಲ 31 ರೋಗಿಗಳಲ್ಲಿ 27 ಮಂದಿ ಸತ್ತರು. ಆಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್, ಕುರಾರೆ ಪಡೆದವರಿಗೆ ಥಿಯೇಟರಿನಲ್ಲಿ ಮಾಡುವಂತೆಯೇ ಗಂಟಲಿಗೆ ನಳಿಕೆ ಹಾಕಿ ಕೈಯಿಂದ ಚೀಲ ಒತ್ತಿ ಗಾಳಿ ಕೊಡಲು ಸೂಚಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ತಿಂಗಳುಗಟ್ಟಲೆ ಚೀಲ ಒತ್ತಿದರು. ಇಂದಿನ ಐಸಿಯು ಹುಟ್ಟಿದ್ದು ಹೀಗೆ.

ಸ್ಕೋಲಿನ್ ಮತ್ತು ನಮ್ಮ ನೆರೆಯವರು

ಕಾಡಿನ ಬಳ್ಳಿಯ ಮೇಲಿನ ಅವಲಂಬನೆ ತಪ್ಪಿಸಲು ಕೃತಕ ಮದ್ದುಗಳ ಹುಡುಕಾಟ ನಡೆಯಿತು. ಇವುಗಳಲ್ಲಿ ಸಕ್ಸಿನೈಲ್‌ಕೋಲಿನ್‌ನ ಕಥೆ ಸ್ವಾರಸ್ಯವಾದದ್ದು. ನಮ್ಮ ವೈದ್ಯರ ಬಾಯಲ್ಲಿ ಅದು ‘ಸ್ಕೋಲಿನ್’. 1906ರಲ್ಲೇ ಇದನ್ನು ಪರೀಕ್ಷಿಸಿದ ಹಂಟ್ ಮತ್ತು ಟಾವೋ, ಮೊದಲೇ ಕುರಾರೆ ಕೊಟ್ಟು ಸ್ತಬ್ಧಗೊಳಿಸಿದ ಪ್ರಾಣಿಗಳನ್ನು ಬಳಸಿದ್ದರಿಂದ, ಇದು ಸ್ನಾಯುಗಳನ್ನು ಸೋಲಿಸುತ್ತದೆಂಬುದು ಅವರ ಕಣ್ಣಿಗೇ ಬೀಳಲಿಲ್ಲ. ರೋಮಿನ ಡ್ಯಾನಿಯಲ್ ಬೊವೆ 1949ರಲ್ಲಿ ಅದನ್ನು ಕಂಡುಕೊಂಡರು. 1957ರಲ್ಲಿ ಅವರಿಗೆ ನೊಬೆಲ್ ಬಂತು.

ಸ್ಕೋಲಿನ್ ಕುರಾರೆಯಂತೆ ಸುಮ್ಮನೆ ಬೀಗದಲ್ಲಿ ಕೂರುವುದಿಲ್ಲ. ಒಮ್ಮೆ ತಿರುಗಿ, ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಮೈಯ ಸ್ನಾಯುಗಳೆಲ್ಲ ಒಮ್ಮೆ ಪಟಪಟನೆ ಅದುರಿ ಆಮೇಲೆ ಸೋಲುತ್ತವೆ. ಒಂದು ನಿಮಿಷದೊಳಗೆ ಪರಿಣಾಮ, ಐದಾರು ನಿಮಿಷದಲ್ಲಿ ಬಿಡುಗಡೆ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಬೇಗ ಒಡೆದು ಹಾಕುವುದೇ ಇದಕ್ಕೆ ಕಾರಣ. ಆದರೆ ಕೆಲವರು ಗಂಟೆಗಟ್ಟಲೆ ಉಸಿರಾಡದೆ ಉಳಿದುಬಿಡುತ್ತಿದ್ದರು. ಅವರಲ್ಲಿ ಆ ಕಿಣ್ವ ಹುಟ್ಟಿನಿಂದಲೇ ದುರ್ಬಲವೆಂದು 1950ರ ದಶಕದಲ್ಲಿ ಟೊರಾಂಟೋದ ವರ್ನರ್ ಕಾಲೊ ತೋರಿಸಿದರು. ಒಂದೇ ಮದ್ದು ಒಬ್ಬೊಬ್ಬರ ವಂಶಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ವರ್ತಿಸುತ್ತದೆಂಬ ಹೊಸ ಶಾಸ್ತ್ರಕ್ಕೆ ಇದು ನಾಂದಿಯಾಯಿತು.

ಇಲ್ಲಿ ಕಥೆ ನಮ್ಮ ಅಂಗಳಕ್ಕೆ ಬರುತ್ತದೆ. ಆಂಧ್ರ, ತೆಲಂಗಾಣ, ತಮಿಳುನಾಡು, ಕರ್ನಾಟಕಗಳಲ್ಲಿ ಹರಡಿರುವ ವೈಶ್ಯ ಸಮುದಾಯದಲ್ಲಿ ಈ ಕಿಣ್ವದ ಕೊರತೆ ಇತರರಿಗಿಂತ ಹೆಚ್ಚು. ಕೊಯಮತ್ತೂರಿನ ಸಂಶೋಧಕರು ಭಾಗವಹಿಸಿದ ಅಧ್ಯಯನವೊಂದು 2006ರಲ್ಲಿ ಇದಕ್ಕೆ ಕಾರಣವಾದ ಜೀನಿನ ಬದಲಾವಣೆಯನ್ನು ಗುರುತಿಸಿತು. ಬಹುಕಾಲ ಒಳಗೊಳಗೇ ಮದುವೆಯಾಗುತ್ತಾ ಬಂದ ಯಾವ ಸಮುದಾಯದಲ್ಲೂ ಹೀಗೆ ಒಂದೊಂದು ಗುರುತು ಉಳಿದುಕೊಳ್ಳುತ್ತದೆ. ಇದು ರೋಗವಲ್ಲ. ಈ ಕೊರತೆ ಇರುವವರು ಆರೋಗ್ಯವಾಗಿಯೇ ಇರುತ್ತಾರೆ. ಸ್ಕೋಲಿನ್ ಕೊಟ್ಟಾಗ ಮಾತ್ರ ಅದು ಹೊರಬೀಳುತ್ತದೆ. ಗೊತ್ತಿದ್ದರೆ ಬೇರೆ ಮದ್ದು ಬಳಸಬಹುದು. ಗೊತ್ತಿಲ್ಲದೆ ಕೊಟ್ಟರೂ ಮದ್ದಿಳಿಯುವ ತನಕ ಯಂತ್ರದಿಂದ ಉಸಿರಾಡಿಸುತ್ತಾ, ನಿದ್ದೆಯನ್ನೂ ಮುಂದುವರಿಸಿದರೆ ಸಾಕು. ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ನಿನ ನಂತರ ಉಸಿರು ಬರಲು ತಡವಾಗಿತ್ತೇ?’ ಎಂದು ವೈದ್ಯರು ಕೇಳಿದರೆ ಬೇಸರಿಸದೆ ಉತ್ತರಿಸಬೇಕಾದದ್ದು ಇದಕ್ಕೇ.

ಅಳಲಾರದ ಮಕ್ಕಳು

ಈಗ ಈ ಇತಿಹಾಸದ ಅತ್ಯಂತ ಕಹಿ ಪುಟಕ್ಕೆ ಬರೋಣ. ಹಸುಗೂಸುಗಳ ನರಮಂಡಲ ಇನ್ನೂ ಬಲಿತಿರುವುದಿಲ್ಲ, ಅವಕ್ಕೆ ನೋವು ದೊಡ್ಡವರಂತೆ ತಿಳಿಯುವುದಿಲ್ಲ, ತಿಳಿದರೂ ನೆನಪಿರುವುದಿಲ್ಲ ಎಂದು 20ನೇ ಶತಮಾನದ ಬಹುಭಾಗ ವೈದ್ಯರು ನಂಬಿದ್ದರು. ಬಲವಾದ ನೋವು ನಿವಾರಕ ಕೊಟ್ಟರೆ ಎಳೆಯ ಜೀವ ತಾಳದೆಂಬ ಹೆದರಿಕೆಯೂ ಇತ್ತು. ಆ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಹಾಗಾಗಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಎದೆಯ ಆಪರೇಷನ್ನನ್ನೇ, ನೈಟ್ರಸ್ ಆಕ್ಸೈಡ್ ಎಂಬ ಹಗುರ ಅನಿಲ ಮತ್ತು ಕುರಾರೆಯ ಮೇಲಷ್ಟೇ ಮಾಡುವ ರೂಢಿ ಹಲವು ಆಸ್ಪತ್ರೆಗಳಲ್ಲಿತ್ತು. ಸ್ನಾಯು ಸಡಿಲಿಸುವ ಮದ್ದನ್ನು ಬಿಟ್ಟರೆ ಬೇರೇನೂ ಇಲ್ಲದೆ ಮಾಡಿದ್ದೂ ಉಂಟು. ಮಗು ಕದಲುತ್ತಿರಲಿಲ್ಲ, ಅಳುತ್ತಿರಲಿಲ್ಲ. ಅಳಲು ಅದಕ್ಕೆ ಆಗುತ್ತಿರಲಿಲ್ಲ.

ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ಎಂಬ ಯುವ ವೈದ್ಯರು ಆಪರೇಷನ್ ಮುಗಿಸಿ ವಾರ್ಡಿಗೆ ಮರಳುವ ಹಸುಗೂಸುಗಳ ಸ್ಥಿತಿ ನೋಡಿ ಕಳವಳಗೊಂಡರು. ಹೋಗುವಾಗ ಸ್ಥಿರವಾಗಿದ್ದ ಮಕ್ಕಳು ಬರುವಾಗ ಕಂಗೆಟ್ಟಿರುತ್ತಿದ್ದವು. ಮಕ್ಕಳು ಬಾಯಿಬಿಟ್ಟು ಹೇಳಲಾರವು, ಆದರೆ ರಕ್ತ ಹೇಳಬಹುದಲ್ಲ! ಆನಂದ್ ಮತ್ತು ಸಂಗಡಿಗರು 16 ಶಿಶುಗಳನ್ನು ಎರಡು ಗುಂಪು ಮಾಡಿದರು. ಎಲ್ಲಕ್ಕೂ ರೂಢಿಯ ಪ್ರಕಾರ ನೈಟ್ರಸ್ ಆಕ್ಸೈಡ್ ಮತ್ತು ಕುರಾರೆ. ಒಂದು ಗುಂಪಿಗೆ ಅದರ ಜೊತೆಗೆ ಫೆಂಟನಿಲ್ ಎಂಬ ನೋವು ನಿವಾರಕ. ಫೆಂಟನಿಲ್ ಇಲ್ಲದ ಮಕ್ಕಳ ರಕ್ತದಲ್ಲಿ ಸಂಕಟದ ಹಾರ್ಮೋನುಗಳು ಉಕ್ಕಿದ್ದವು, ಆಪರೇಷನ್ನಿನ ನಂತರದ ತೊಡಕುಗಳೂ ಅವುಗಳಲ್ಲೇ ಹೆಚ್ಚು. 1987ರ ಜನವರಿಯಲ್ಲಿ ಈ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹೆಚ್ಚುಕಡಿಮೆ ಅದೇ ಸಮಯಕ್ಕೆ ಅಮೆರಿಕದಲ್ಲಿ, ತನ್ನ ಮಗುವಿಗೆ ನೋವು ನಿವಾರಕವಿಲ್ಲದೆ ಎದೆ ಕೊಯ್ದಿದ್ದರೆಂದು ಮಗು ತೀರಿಕೊಂಡ ಮೇಲೆ ತಿಳಿದ ತಾಯಿಯೊಬ್ಬಳು ಊರೆಲ್ಲ ಕೇಳುವಂತೆ ದನಿಯೆತ್ತಿದ್ದಳು. ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 1987ರಲ್ಲೇ ಹೇಳಿಕೆ ಹೊರಡಿಸಿತು.

ಮೇಲೆ ನೆನಪಿನಲ್ಲಿಡಿ ಎಂದು ಹೇಳಿದ ಇಸವಿಯನ್ನು ಈಗ ತೆಗೆದು ನೋಡಿ. 1876ರಿಂದ 1987. ಕುರಾರೆ ಕೊಟ್ಟ ಮಾತ್ರಕ್ಕೆ ನೋವು ಹೋಗುವುದಿಲ್ಲವೆಂದು ಪ್ರಾಣಿಗಳ ವಿಷಯದಲ್ಲಿ ಕಾನೂನು ಒಪ್ಪಿದ 111 ವರ್ಷಗಳ ಬಳಿಕ ಅದು ಮನುಷ್ಯರ ಮಕ್ಕಳಿಗೂ ಅನ್ವಯವಾಯಿತು. ಈ ವೈದ್ಯರು ಯಾರೂ ಕಟುಕರಲ್ಲ. ಮಗುವನ್ನು ಉಳಿಸಲೆಂದೇ ಕತ್ತಿ ಹಿಡಿದವರು. ಅವರ ಕಣ್ಣೆದುರು ಶಾಂತವಾದ ಒಂದು ದೇಹವಿತ್ತು, ಆ ಶಾಂತಿಯನ್ನು ತಂದದ್ದು ತಮ್ಮದೇ ಇಂಜೆಕ್ಷನ್ ಎಂಬುದು ಅವರಿಗೆ ಮರೆತುಹೋಗಿತ್ತು.

ಇದೇ ಶಾಂತಿಯ ಇನ್ನೊಂದು ಉಪಯೋಗವೂ ಇದೆ. ಅಮೆರಿಕದಲ್ಲಿ 1982ರಿಂದ ಇಂಜೆಕ್ಷನ್ನಿನ ಮೂಲಕ ಮರಣದಂಡನೆ ಜಾರಿಯಾಯಿತು. ಬಹಳ ಕಾಲ ಅದರ ಮೂರು ಮದ್ದುಗಳಲ್ಲಿ ನಡುವಿನದು ಪ್ಯಾಂಕ್ಯುರೋನಿಯಂ, ಕುರಾರೆಯದೇ ಗುಣದ ಮದ್ದು. ಮೊದಲ ಮದ್ದಿನ ನಿದ್ದೆ ಸಾಲದೆ ಹೋದರೆ ಸಾಯುವವನಿಗೆ ಏನಾಗುತ್ತಿದೆಯೆಂದು ಗಾಜಿನಾಚೆಯ ಸಾಕ್ಷಿಗಳಿಗೆ ತಿಳಿಯುವುದಿಲ್ಲ. ಅದೇ ದೇಶದ ಕೆಲವು ರಾಜ್ಯಗಳಲ್ಲಿ ನಾಯಿ, ಬೆಕ್ಕುಗಳ ದಯಾಮರಣಕ್ಕೆ ಈ ಬಗೆಯ ಮದ್ದು ನಿಷಿದ್ಧ. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮನುಷ್ಯರ ಮಟ್ಟಿಗೆ ಅದನ್ನು ಸಂವಿಧಾನಬದ್ಧವೆಂದೇ ಎತ್ತಿಹಿಡಿಯಿತು.

ಕಟ್ಟಿದ ಕೈ

ಇಂದು ಹಳೆಯ ಬಳ್ಳಿಯ ಕುರಾರೆ ಆಸ್ಪತ್ರೆಗಳಿಂದ ಮರೆಯಾಗಿದೆ. ವೆಕ್ಯುರೋನಿಯಂ, ಅಟ್ರಾಕ್ಯುರಿಯಂ, ರೊಕ್ಯುರೋನಿಯಂ ಮುಂತಾದ ಅದರ ಮಕ್ಕಳು ಮೊಮ್ಮಕ್ಕಳು ಆ ಕೆಲಸ ಮಾಡುತ್ತಿದ್ದಾರೆ. ಅಟ್ರಾಕ್ಯುರಿಯಂ ಯಕೃತ್ತು, ಮೂತ್ರಪಿಂಡಗಳ ಹಂಗಿಲ್ಲದೆ ಮೈಯ ಶಾಖಕ್ಕೇ ಒಡೆದುಹೋಗುವಂಥದ್ದು. 2008ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆದ ಸುಗಮ್ಮಡೆಕ್ಸ್ ಎಂಬ ಮದ್ದು ರೊಕ್ಯುರೋನಿಯಂನ ಒಂದೊಂದು ಅಣುವನ್ನೂ ಬಳೆಯೊಳಗೆ ಸಿಕ್ಕಿಸಿದಂತೆ ಹಿಡಿದು ಕೆಲವೇ ನಿಮಿಷದಲ್ಲಿ ರೋಗಿಗೆ ಉಸಿರು ಮರಳಿಸುತ್ತದೆ. ನರಕ್ಕೆ ನಾಲ್ಕು ಸಲ ಹಗುರ ವಿದ್ಯುತ್ ಮುಟ್ಟಿಸಿ, ಹೆಬ್ಬೆರಳು ಎಷ್ಟು ಕದಲುತ್ತದೆ ನೋಡಿ, ಮದ್ದು ಎಷ್ಟು ಉಳಿದಿದೆಯೆಂದು ಅಳೆಯುವ ವಿಧಾನವನ್ನು 1970ರ ಹೊತ್ತಿಗೆ ಲಿವರ್‌ಪೂಲಿನಲ್ಲಿ ಹಸನ್ ಅಲಿ ಮತ್ತು ಸಂಗಡಿಗರು ರೂಪಿಸಿದರು.

ಇಷ್ಟೆಲ್ಲ ಇದ್ದರೂ ಎಚ್ಚರದ ಅಪಾಯ ಪೂರ್ತಿ ಹೋಗಿಲ್ಲ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ, ಆಪರೇಷನ್ ನಡುವೆ ಎಚ್ಚರವಾಗಿದ್ದೆ ಎಂದು ರೋಗಿ ತಾನಾಗಿ ಹೇಳಿದ ಪ್ರಕರಣಗಳು ಸುಮಾರು 19,000ಕ್ಕೆ ಒಂದು. ಸ್ನಾಯು ಸಡಿಲಿಸುವ ಮದ್ದು ಕೊಟ್ಟಾಗ ಸುಮಾರು 8,000ಕ್ಕೆ ಒಂದು, ಕೊಡದಿದ್ದಾಗ ಸುಮಾರು 1,36,000ಕ್ಕೆ ಒಂದು. ಹೆದರುವಷ್ಟು ದೊಡ್ಡ ಸಂಖ್ಯೆ ಇದಲ್ಲ. ಆಪರೇಷನ್ ಬೇಕಾದವರು ಇದನ್ನೋದಿ ಹಿಂಜರಿಯಬಾರದು. ಆದರೆ ಆ ಒಬ್ಬರು ‘ನನಗೆ ಎಲ್ಲ ಕೇಳಿಸುತ್ತಿತ್ತು’ ಎಂದಾಗ ಮನೆಯವರೂ ವೈದ್ಯರೂ ‘ಕನಸು ಕಂಡಿರಬೇಕು’ ಎಂದು ತಳ್ಳಿಹಾಕಿದರೆ ಅದು ಎರಡನೆಯ ಸಲ ಅವರ ನಾಲಿಗೆ ಕಟ್ಟಿದಂತೆ.

ಕೊನೆಯದಾಗಿ ಒಂದು ಸರಳ ಉಪಾಯದ ಬಗ್ಗೆ ಹೇಳಬೇಕು. 1977ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನ ಅರಿವಳಿಕೆ ತಜ್ಞ ಮೈಕೆಲ್ ಟನ್‌ಸ್ಟಾಲ್, ಸಿಸೇರಿಯನ್ ಹೆರಿಗೆಗೆ ಬಂದ ತಾಯಂದಿರ ಒಂದು ತೋಳಿಗೆ, ಮದ್ದು ಕೊಡುವ ಮುಂಚೆ, ರಕ್ತದೊತ್ತಡ ನೋಡುವಂಥ ಪಟ್ಟಿ ಕಟ್ಟಿ ಗಾಳಿ ತುಂಬಿದರು. ಮದ್ದು ಮೈಯೆಲ್ಲ ಹರಡಿದರೂ ಆ ಕೈಗೆ ತಲುಪುವುದಿಲ್ಲ. ಆಮೇಲೆ ತಾಯಿಯ ಕಿವಿಯ ಬಳಿ ಬಾಗಿ, ‘ಕೇಳಿಸುತ್ತಿದ್ದರೆ ನನ್ನ ಬೆರಳು ಒತ್ತಿ’ ಎಂದು ಹೇಳುವುದು. ಇತ್ತೀಚೆಗೆ, 2017ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನವೊಂದರಲ್ಲಿ ಈ ಬಗೆಯಲ್ಲಿ ಪರೀಕ್ಷಿಸಿದ 260 ಮಂದಿಯಲ್ಲಿ ಸುಮಾರು ಶೇಕಡ 5ರಷ್ಟು ಜನರ ಕೈ ಉತ್ತರ ಕೊಟ್ಟಿತು. ಎಚ್ಚರವಾದ ಮೇಲೆ ಅವರಲ್ಲಿ ಯಾರಿಗೂ ಅದರ ನೆನಪಿರಲಿಲ್ಲ.

ಓದುಗರು ಗಮನಿಸಿರಬಹುದು, ಇದು ಬರ್ನಾರನ ಕಪ್ಪೆಯ ಕಾಲಿಗೆ ಹಾಕಿದ ಅದೇ ಕಟ್ಟು. ಆ ಕಪ್ಪೆಗೂ ಈ ತಾಯಿಗೂ ನಡುವೆ ನೂರಕ್ಕೂ ಹೆಚ್ಚು ವರ್ಷಗಳಿವೆ. ಕಪ್ಪೆಯನ್ನು ಚಿವುಟಿ ನೋಡಿದ್ದರು, ಇಲ್ಲಿ ಬಾಗಿ ಕೇಳುತ್ತಿದ್ದಾರೆ. ಕೇಳುವವರು ತಮ್ಮ ಬೆರಳನ್ನು ಅವಳ ಅಂಗೈಯಲ್ಲಿಟ್ಟು ಕಾಯುತ್ತಾರೆ. ಬಹಳ ಸಲ ಉತ್ತರ ಬರುವುದಿಲ್ಲ, ಅವಳು ನಿಜಕ್ಕೂ ನಿದ್ದೆಯಲ್ಲಿರುತ್ತಾಳೆ. ಆದರೂ ಕೇಳಿ, ಕಾದು, ಆಮೇಲಷ್ಟೇ ಸರ್ಜನ್ನರಿಗೆ ‘ಶುರು ಮಾಡಿ’ ಎನ್ನುತ್ತಾರೆ.